ಎರಿ ಮಣ್ಣಾಗ ಲಿಲ್ಲಿ ಗಡ್ಡಿ ಬ್ಯಾರೆ ಮಾಡಿ ಹಚ್ಚೂದು: ಯಾವಾಗ, ಹೆಂಗ?

ನವನಗರ ಅಂಗಳ (ಬಾಗಲಕೋಟೆ)

ಅಂಗಳದಾಗ ಮೂರು ನಮೂನಿ ಲಿಲ್ಲಿ ಅದಾವ್ರಿ. ಕಂಪೌಂಡ್ ಗೋಡಿಗುಂಟ ಬಿಳಿ ಸ್ಪೈಡರ್ ಲಿಲ್ಲಿ, ಐದು ವರ್ಷದಿಂದ ಕಿತ್ತಿಲ್ಲ. ಒಂದೊಂದು ಗುಂಪು ಎರಡೂವರೆ ಫೂಟ್ ಅಗಲ ಆಗೇತಿ, ನಡುವಿನ ಎಲಿ ಹಳದಿ ಆಗ್ಯಾವ. 12 ಇಂಚಿನ ಪಾಟಿನ್ಯಾಗ ಕೆಂಪು ಅಮರಿಲ್ಲಿಸ್, ಎಂಟು ಗಡ್ಡಿ ಒತ್ತಿಕೊಂಡು ಕುಂತಾವ, ಈ ಏಪ್ರಿಲ್‌ನ್ಯಾಗ ಒಂದ ಹೂವಿನ ದೇಟು ಬಂತು. ಹಾದಿ ಅಂಚಿಗೆ ಗುಲಾಬಿ ಬಣ್ಣದ ರೇನ್ ಲಿಲ್ಲಿ. ಮಣ್ಣು ಪೂರ್ತಿ ಎರಿ (ಕರಿ ಜಿಗಟು ಮಣ್ಣು). ನೀರು ಬೋರಿಂದು, ಪಾಟಿನ ಅಂಚಿಗೆ ಬಿಳಿ ಪುಡಿ ಕೂಡತೈತಿ. ಈಗ ಮೇ ಎರಡನೇ ವಾರ. ಎಲ್ಲಾ ಒಮ್ಮೆಲೆ ಕಿತ್ತು ಬ್ಯಾರೆ ಮಾಡಬಹುದಾ? ಎಷ್ಟು ಆಳ, ಎಷ್ಟು ಅಂತರ, ಗಡ್ಡಿ ಹೆಂಗ ಬಿಡಿಸಬೇಕು, ಬಲ್ಲವರು ಹೇಳ್ರಿ.

ಎರಿಹೊಲ (ವಿಜಯಪುರ)

ಮೂರನ್ನೂ ಒಮ್ಮೆಲೆ ಕೀಳಬ್ಯಾಡ್ರಿ. ರೇನ್ ಲಿಲ್ಲಿ ಈಗ ಮಾಡ್ರಿ, ದೊಡ್ಡ ಅಡ್ಡಮಳಿ ಬೀಳೂದರ ಒಳಗ. ಸ್ಪೈಡರ್ ಲಿಲ್ಲಿ ಮಿರಗ (ಮೃಗಶಿರಾ ಮಳಿ) ಕೂಡಿದ ಮ್ಯಾಲ, ಜೂನ್ ಎರಡನೇ ವಾರದಿಂದ ಮುಂದ. ಅಮರಿಲ್ಲಿಸ್ ಮಾತ್ರ ಡಿಸೆಂಬರ್ ತನಕ ಮುಟ್ಟಬ್ಯಾಡ್ರಿ. ಹೂವು ಮುಗದು ಈಗ ಅದು ಎಲಿ ಬಿಡೂ ಹೊತ್ತು. ಈ ಎಲಿಯಿಂದನ ಗಡ್ಡಿ ತುಂಬಕೋತೈತಿ, ಮುಂದಿನ ಹೂವಿನ ಮೊಗ್ಗು ಒಳಗ ಕಟ್ಟತೈತಿ. ಈಗ ಬೇರು ಕಡದ್ರ ಒಂದು ವರ್ಷದ ಹೂವು ಹೋದಂಗ.

ಇನ್ನ ಎರಿ ಮಣ್ಣಿನ ಮಾತು. ಎಲ್ಲಾರೂ ಮಾಡೂ ತಪ್ಪು ಅಂದ್ರ ಎರಿಯೊಳಗ ಒಂದು ಫೂಟ್ ತಗ್ಗು ತೋಡಿ, ಅದರಾಗ ಕೆಂಪು ಮಣ್ಣು, ಉಸುಕು, ಗೊಬ್ಬರ ತುಂಬಿ ಗಡ್ಡಿ ಇಡೂದು. ಕೈಗೆ ಮಣ್ಣು ಹಗುರ ಅನಸತೈತಿ, ಎರಡು ತಿಂಗಳು ಗಿಡಾನೂ ಛಲೋ ಇರತೈತಿ. ಮಳಿ ಹಿಡದಾಗ ಸುತ್ತಲಿನ ಎರಿ ನೀರು ಕುಡದು ಉಬ್ಬತೈತಿ, ಬಾಯಿ ಮುಚ್ಚಿಕೋತೈತಿ. ಆಮ್ಯಾಲ ನೀರಿಗೆ ಇಳಿಯಾಕ ಇರೂ ಜಾಗ ಆ ಸಡಿಲ ತಗ್ಗು ಒಂದ. ಅದು ತೊಟ್ಟಿ ಆಗಿಬಿಡತೈತಿ. ಗಡ್ಡಿಯ ತಳ ನಾಲ್ಕೈದು ದಿನ ಆ ನೀರಾಗ ಕುಂತರ ಸಾಕು, ಮ್ಯಾಲ ಎಲಿ ಹಸರು ಇರತಾನ ಕೆಳಗ ಕೊಳತಿರತೈತಿ. ಎಲಿ ಹಿಡದು ಎಳದ್ರ ಕೈಯಾಗ ಬರತೈತಿ.

ಅದಕ್ಕ ತಗ್ಗು ಬ್ಯಾಡ, ಏರು ಮಡಿ ಮಾಡ್ರಿ. ಮೊದಲ ಎರಿಯನ್ನ ಒಂದು ಗುದ್ದಲಿ ಆಳ ಕೆದರಿ ಹೆಂಟಿ ಒಡೀರಿ. ಅದರ ಮ್ಯಾಲ ಮಸಾರಿ (ಕೆಂಪು) ಮಣ್ಣು 2 ಬುಟ್ಟಿ, ದಪ್ಪ ಉಸುಕು 1 ಬುಟ್ಟಿ, ಪೂರ್ತಿ ಕಳತ ತಿಪ್ಪಿಗೊಬ್ಬರ 1 ಬುಟ್ಟಿ, ಈ ಪ್ರಮಾಣದಾಗ ಕಲಸಿ ಒಂದು ಗೇಣು ಎತ್ತರ ಏರಸ್ರಿ. ಮಡಿ 3 ಫೂಟ್‌ಗಿಂತ ಅಗಲ ಬ್ಯಾಡ, ಎರಡೂ ಕಡಿಂದ ಕೈ ನಿಲುಕಬೇಕು. 10 ಫೂಟ್ ಉದ್ದದ ಮಡಿಗೆ ಸುಮಾರು 20 ಘನ ಅಡಿ ಮಣ್ಣು ಬೇಕಾಗತೈತಿ. ಎರಿಗೆ ಬರೇ ನಾಲ್ಕು ಬುಟ್ಟಿ ಉಸುಕು ಬೆರಸಿದ್ರ ಸಾಕು ಅನಕೋಬ್ಯಾಡ್ರಿ. ಸಣ್ಣ ಪ್ರಮಾಣದ ಉಸುಕು ಜಿಗಟು ಮಣ್ಣಾಗ ಸಿಕ್ಕು ಬ್ಯಾಸಗ್ಯಾಗ ಇಟ್ಟಂಗಿಯಂಗ ಗಟ್ಟಿ ಆಗತೈತಿ.

ಟಿಳಕವಾಡಿ ಹಿತ್ತಲು (ಬೆಳಗಾವಿ)

ಎರಿಹೊಲ ಅವರು ಹೇಳಿದ್ದು ಪೂರ್ತಿ ಒಪ್ಪುವಂಥದ್ದು. ತಿಂಗಳ ವಿಚಾರದಲ್ಲಿ ಮಾತ್ರ ಬೆಳಗಾವಿ, ಖಾನಾಪುರ ಕಡೆಯವರು ಇದನ್ನೇ ಹಿಡಿದುಕೊಂಡರೆ ತೊಂದರೆ. ವಿಜಯಪುರ, ಬಾಗಲಕೋಟೆಗೆ ಹೆಚ್ಚು ಮಳೆ ಸೆಪ್ಟೆಂಬರ್‌ನಲ್ಲಿ. ಜೂನ್‌ನಲ್ಲಿ ಬಿಡಿಸಿ ಹಚ್ಚಿದ ಗಡ್ಡೆಗೆ ಗಾಯ ಮಾಯಲು, ಹೊಸ ಬೇರು ಬಿಡಲು ಅಲ್ಲಿ ಎರಡು ತಿಂಗಳು ಸಿಗುತ್ತದೆ. ಬೆಳಗಾವಿಯಲ್ಲಿ ಜುಲೈಯೇ ದೊಡ್ಡ ಮಳೆಯ ತಿಂಗಳು, ವಾರಗಟ್ಟಲೆ ಜಿಟಿಜಿಟಿ ಬಿಡುವುದಿಲ್ಲ, ಬಿಸಿಲೂ ಇರುವುದಿಲ್ಲ. ಜೂನ್ ಮಧ್ಯದಲ್ಲಿ ಕೊಯ್ದ ಗಡ್ಡೆ ಒಣಗಲು ಅವಕಾಶವೇ ಸಿಗದೆ ಕೊಳೆಯುತ್ತದೆ. ಇಲ್ಲಿನವರು ಸ್ಪೈಡರ್ ಲಿಲ್ಲಿಯನ್ನು ಮೇ ಮೂರನೇ ವಾರದೊಳಗೆ ಬಿಡಿಸಿ, ನೀರು ಕೊಟ್ಟು ಬೇರು ಹಿಡಿಸಬೇಕು. ತಪ್ಪಿದರೆ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲ ವಾರ. ನಮ್ಮ ಕೆಂಪು ಜಂಬಿಟ್ಟಿಗೆ ಮಣ್ಣಿನಲ್ಲಿ ನೀರು ನಿಲ್ಲುವುದು ಕಡಿಮೆ, ಸಾರವೂ ಕಡಿಮೆ. ಉಸುಕು ಬೇಡ, ಗೊಬ್ಬರ ಮೂರರಲ್ಲಿ ಒಂದು ಪಾಲು ಹಾಕಿ.

ಈಗ ಸ್ಪೈಡರ್ ಲಿಲ್ಲಿ ಕೀಳುವ ಕ್ರಮ. ಹಿಂದಿನ ದಿನ ಸಂಜೆ ಗುಂಪಿಗೆ ಚೆನ್ನಾಗಿ ನೀರು ಬಿಡಿ. ಎರಿ ಮಣ್ಣಾದರೆ ಎರಡು ದಿನ ಮುಂಚೆ ಬಿಡಿ. ಹಿಂದಿನ ದಿನ ಬಿಟ್ಟರೆ ಅಂಟಿಕೊಳ್ಳುತ್ತದೆ, ಒಣಗಿದ್ದರೆ ಬೇರು ತುಂಡಾಗುತ್ತದೆ. ಎಲೆಗಳನ್ನೆಲ್ಲ ಕೂಡಿಸಿ ಹಗ್ಗದಿಂದ ಸಡಿಲವಾಗಿ ಕಟ್ಟಿ. ಗುಂಪಿನ ಹೊರ ಅಂಚಿನಿಂದ ಒಂದು ಗೇಣು ದೂರ ಬಿಟ್ಟು ಸುತ್ತಲೂ ಸಲಿಕೆ ನೇರವಾಗಿ ಇಳಿಸುತ್ತ ಬನ್ನಿ. ಒಂದೇ ಕಡೆಯಿಂದ ಹಾರೆ ಹಾಕಿ ಮೀಟಬೇಡಿ, ನಡುವಿನ ಗಡ್ಡೆಗಳ ತಳ ಸೀಳುತ್ತದೆ. ಸುತ್ತ ಕಡಿದ ಮೇಲೆ ಎರಡು ಕಡೆಯಿಂದ ಇಬ್ಬರು ಒಟ್ಟಿಗೆ ಮೀಟಿದರೆ ಗುಂಪು ಇಡಿಯಾಗಿ ಮೇಲೆ ಬರುತ್ತದೆ.

ಅದನ್ನು ಗೋಣಿಚೀಲದ ಮೇಲೆ ಒರಗಿಸಿ ಪೈಪಿನಿಂದ ನೀರು ಬಿಟ್ಟು ಮಣ್ಣು ತೊಳೆಯಿರಿ. ಮಣ್ಣು ಹೋದ ಮೇಲೆ ಯಾವ ಗಡ್ಡೆ ಯಾವುದಕ್ಕೆ ಅಂಟಿದೆ ಎಂದು ಕಣ್ಣಿಗೆ ಕಾಣುತ್ತದೆ. ಎರಡು ಗಡ್ಡೆಗಳ ಕುತ್ತಿಗೆ ಹಿಡಿದು ತಿರುಚಿ ಅಲ್ಲಾಡಿಸಿದರೆ ಮುಕ್ಕಾಲು ಪಾಲು ತಾವಾಗಿ ಬಿಡುತ್ತವೆ. ಬಿಡದಿದ್ದದ್ದಕ್ಕಷ್ಟೇ ಚಾಕು. ಅಗಲ ಎಲೆಯಿಂದ ನೀರು ಆರುವುದು ಹೆಚ್ಚು, ಕಡಿದ ಬೇರು ಅಷ್ಟು ಕೊಡಲಾರದು. ಹಾಗಾಗಿ ಎಲೆಯನ್ನು ಅರ್ಧಕ್ಕೆ ಕತ್ತರಿಸಿ. ಕುತ್ತಿಗೆ ಮಣ್ಣಿನ ಮಟ್ಟಕ್ಕೆ ಬರುವಂತೆ ಕೂಡಿಸಿ, ಗಿಡದಿಂದ ಗಿಡಕ್ಕೆ ಒಂದೂವರೆ ಫೂಟು ಬಿಡಿ. ಕಂಪೌಂಡ್ ಗೋಡೆಯಿಂದಲೂ ಒಂದು ಫೂಟು ದೂರ ಇರಲಿ. ಗೋಡೆ ಬುಡದಲ್ಲಿ ಸಿಮೆಂಟ್, ಸುಣ್ಣದ ಚೂರು ಹೆಚ್ಚು, ನಡುವಿನ ಎಲೆ ಹಳದಿಯಾಗಲು ಅದೂ ಕಾರಣ ಇರಬಹುದು.

ಸಸಿಮಡಿ (ಗೋಕಾಕ)

ಎಲೆ ಕತ್ತರಿಸುವ ಮಾತು ಸ್ಪೈಡರ್ ಲಿಲ್ಲಿಗೆ, ಅದರ ಬಳಗದ ಕ್ರೈನಮ್ ಲಿಲ್ಲಿಗೆ ಸರಿ. ಅಮರಿಲ್ಲಿಸ್‌ಗೆ ಅದನ್ನು ಮಾಡಬೇಡಿ. ಅದರಲ್ಲಿ ನಾಲ್ಕು ಎಲೆಗೆ ಒಂದು ಹೂವಿನ ದೇಟು ಎನ್ನುವ ಲೆಕ್ಕ ಗಡ್ಡೆಯ ಒಳಗೇ ಇರುತ್ತದೆ. ಈ ವರ್ಷ ಬರುವ ದೇಟು ಹೋದ ವರ್ಷವೇ ಒಳಗೆ ಮೊಗ್ಗಾಗಿ ಕೂತಿರುತ್ತದೆ. ಒಂದು ಪಾಟಿನಲ್ಲಿ ಎಂಟು ಗಡ್ಡೆ ಒತ್ತಿ ಕೂತಾಗ ಒಂದೊಂದಕ್ಕೂ ಎರಡು ಮೂರು ಸಣಕಲು ಎಲೆ ಬಂದು ನಿಲ್ಲುತ್ತವೆ, ಹೂವು ಕಟ್ಟುವಷ್ಟು ಗಡ್ಡೆ ದಪ್ಪವಾಗುವುದಿಲ್ಲ. ನಿಮ್ಮಲ್ಲಿ ಒಂದೇ ದೇಟು ಬಂದದ್ದು ಹೀಗೆ.

ಆದ್ದರಿಂದ ಈಗ ಮಾಡಬೇಕಾದ್ದು: ಒಣಗಿದ ದೇಟನ್ನು ಬುಡದಿಂದ ಎರಡು ಇಂಚು ಬಿಟ್ಟು ಕತ್ತರಿಸಿ, ಬೀಜ ಕಟ್ಟಲು ಬಿಡಬೇಡಿ. ಜೂನ್‌ನಿಂದ ಸೆಪ್ಟೆಂಬರ್ ತನಕ ಬೆಳಗಿನ ಬಿಸಿಲು ನಾಲ್ಕು ಗಂಟೆ ಸಿಗುವ ಕಡೆ ಇಡಿ. ತಿಂಗಳಿಗೊಮ್ಮೆ ಪಾಟಿಗೆ ಎರಡು ಮುಷ್ಟಿ ಎರೆಹುಳು ಗೊಬ್ಬರ ಕೊಡಿ. ಯೂರಿಯಾ ಬೇಡವೇ ಬೇಡ. ಎಲೆ ಉದ್ದವಾಗಿ ಜೋತುಬೀಳುತ್ತದೆ, ಗಡ್ಡೆ ಮೆತ್ತಗಾಗುತ್ತದೆ. ಅಕ್ಟೋಬರ್ ಕೊನೆಯಿಂದ ನೀರು ಕಡಿಮೆ ಮಾಡುತ್ತ ಬನ್ನಿ, ನವೆಂಬರ್ ಮಧ್ಯಕ್ಕೆ ಪೂರ್ತಿ ನಿಲ್ಲಿಸಿ. ಡಿಸೆಂಬರ್ ಕೊನೆಯ ತನಕ ಒಣಗಿರಲಿ. ಎಲೆ ತಾನಾಗಿ ಹಳದಿಯಾಗಿ ಬೀಳುವ ತನಕ ಕೀಳಬೇಡಿ, ಎಲೆಯ ಸಾರವೆಲ್ಲ ಗಡ್ಡೆಗೆ ಇಳಿಯಬೇಕು.

ಡಿಸೆಂಬರ್ ಕೊನೆಗೆ ಪಾಟನ್ನು ಅಡ್ಡ ಮಲಗಿಸಿ, ಸುತ್ತ ಅಂಗೈಯಿಂದ ಬಡಿದು ಮಣ್ಣಿನ ಮುದ್ದೆಯನ್ನು ಹೊರಗೆ ಎಳೆಯಿರಿ. ಕೈಯಿಂದ ಪುಡಿ ಮಾಡುತ್ತ ಮಣ್ಣು ಉದುರಿಸಿ. ಈಗ ಒಂದು ದೊಡ್ಡ ಗಡ್ಡೆ ಕೈಯಲ್ಲಿ ಹಿಡಿದು ನೋಡಿ. ಹೊರಗೆ ಉಳ್ಳಾಗಡ್ಡಿಯ ಹಾಗೆ ಕಂದು ಸಿಪ್ಪೆ. ಅಡಿಯಲ್ಲಿ ಎಂಟಾಣೆ ನಾಣ್ಯದಷ್ಟು ಗಟ್ಟಿ ಬಿಲ್ಲೆ, ಅದರ ಅಂಚಿನಿಂದ ಸುತ್ತಲೂ ಬಿಳಿ ದಪ್ಪ ಬೇರು. ಈ ಬಿಲ್ಲೆಯೇ ಗಡ್ಡೆಯ ಜೀವ, ಬೇರು ಹೊರಡುವುದೂ ಮರಿ ಹುಟ್ಟುವುದೂ ಅಲ್ಲಿಂದಲೇ. ಮರಿಗಡ್ಡೆ ಪಕ್ಕದಲ್ಲಿ ಅಂಟಿಕೊಂಡಿರುತ್ತದೆ. ತಾಯಿ ಮತ್ತು ಮರಿಯ ನಡುವೆ ಹೆಬ್ಬೆರಳು ತೂರಿಸಿ ಹೊರಕ್ಕೆ ಒತ್ತಿ. ಬಲಿತ ಮರಿಯಾದರೆ ಪಟ್ಟನೆ ಬಿಡುತ್ತದೆ, ತನ್ನದೇ ಎರಡು ಮೂರು ಬೇರು ಜೊತೆಗೆ ಬರುತ್ತದೆ. ಬಿಡದಿದ್ದರೆ ಚಾಕುವನ್ನು ಮೇಲಿನಿಂದ ಕೆಳಕ್ಕೆ ಇಳಿಸಿ ಬಿಲ್ಲೆಯ ತುಣುಕು ಮರಿಯ ಜೊತೆ ಬರುವ ಹಾಗೆ ಕೊಯ್ಯಿರಿ. ಬಿಲ್ಲೆ ಇಲ್ಲದ ಮರಿಯನ್ನು ಹಚ್ಚಿ ಫಲವಿಲ್ಲ, ಬೇರು ಬಿಡದು. ತಾಯಿಯ ಮೂರನೇ ಒಂದರಷ್ಟು ದಪ್ಪ ಆಗದ ಮರಿಯನ್ನು ಬಿಡಿಸಬೇಡಿ, ಇನ್ನೊಂದು ವರ್ಷ ತಾಯಿಯ ಜೊತೆಗೇ ಇರಲಿ.

ಬೇರನ್ನು ಚೊಕ್ಕ ಮಾಡಲು ಹೋಗಿ ಎಲ್ಲ ಕತ್ತರಿಸುವವರಿದ್ದಾರೆ. ಅಮರಿಲ್ಲಿಸ್‌ನ ದಪ್ಪ ಬೇರು ಒಂದೇ ವರ್ಷಕ್ಕೆ ಸಾಯುವಂಥದ್ದಲ್ಲ. ಅದರಲ್ಲೂ ಸಾರ ಕೂಡಿಟ್ಟಿರುತ್ತದೆ. ಕಪ್ಪಾಗಿ ಟೊಳ್ಳಾದದ್ದು, ಹಿಚುಕಿದರೆ ಸಿಪ್ಪೆಯಷ್ಟೇ ಕೈಗೆ ಬರುವಂಥದ್ದನ್ನು ಮಾತ್ರ ತೆಗೆಯಿರಿ.

ನವನಗರ ಅಂಗಳ (ಬಾಗಲಕೋಟೆ)

ಭಾಳ ಉಪಯೋಗ ಆತ್ರಿ. ಕೊಯ್ದ ಮ್ಯಾಲ ಅರಿಷಿಣ ಹಚ್ಚಿ ಅವತ್ತ ಹಚ್ಚಬಹುದಾ, ಒಣಗಿಸಬೇಕಾ? ಕೆಲವರು ಬೂದಿ ಅಂತಾರ. ಮತ್ತ ಬಿಡಿಸಿದ್ದಕ್ಕ ಎಷ್ಟು ದೊಡ್ಡ ಪಾಟ್ ಬೇಕು?

ಎರಿಹೊಲ (ವಿಜಯಪುರ)

ಗಾಯ ಆಗಿದ್ದು, ಗಾಯ ಇಲ್ಲದ್ದು ಬ್ಯಾರೆ ಬ್ಯಾರೆ ನೋಡ್ರಿ ಅಕ್ಕಾರ. ಕೈಲೆ ಬಿಡಿಸಿದ ರೇನ್ ಲಿಲ್ಲಿಗೆ ಗಾಯನ ಇರೂದಿಲ್ಲ, ಅವತ್ತ ಹಚ್ರಿ. ಸ್ಪೈಡರ್ ಲಿಲ್ಲಿ ದಪ್ಪ ಬೇರು ಒಣಗಬಾರದು, ನೆಳ್ಳಾಗ ಒಂದು ರಾತ್ರಿ ಇಟ್ಟು ಮರುದಿನ ಹಚ್ರಿ. ಚಾಕು ತಾಗಿದ ಅಮರಿಲ್ಲಿಸ್ ಮಾತ್ರ ಗಾಳಿ ಆಡೂ ನೆಳ್ಳಾಗ ಎರಡು ಮೂರು ದಿನ ಇಡಬೇಕು. ಕೊಯ್ದ ಜಾಗ ಬೆರಳಿಗೆ ತೊಗಲಿನಂಗ ಬಿರಸು ಹತ್ತಬೇಕು, ಒದ್ದಿ ಇರಬಾರದು. ಅರಿಷಿಣಕ್ಕಿಂತ ಈ ಒಣಗೂದು ದೊಡ್ಡದು. ಬೂದಿ ಮಾತ್ರ ನಮ್ಮ ಕಡೆ ಬ್ಯಾಡ. ಎರಿ ಮಣ್ಣಾಗ, ಬೋರ್ ನೀರಾಗ ಮೊದಲ ಕ್ಷಾರ ಹೆಚ್ಚು, ಬೂದಿ ಅದನ್ನ ಇನ್ನಷ್ಟು ಏರಸತೈತಿ.

ಕೊಳೆ ಮೊದಲ ಇದ್ದ ಪಾಟ್ ಆಗಿದ್ರ ಶಿಲೀಂಧ್ರನಾಶಕ ಮ್ಯಾಂಕೋಜೆಬ್ ಲೀಟರಿಗೆ 2 ಗ್ರಾಂ, ಇಲ್ಲಾ ಕಾರ್ಬೆಂಡಜಿಮ್ 1 ಗ್ರಾಂ, ಹದಿನೈದು ನಿಮಿಷ ಅದ್ದಿ ಆಮ್ಯಾಲ ಒಣಗಿಸ್ರಿ. ಕೈಗೆ ಗ್ಲೌಸ್ ಇರಲಿ. ಕಾರ್ಬೆಂಡಜಿಮ್ ಅದ್ದಿದ ಗಡ್ಡಿಗೆ ಅದ ವಾರ ಕೊಳೆ ತಡಿಯೂ ಟ್ರೈಕೋಡರ್ಮಾ ಪುಡಿ ಹಾಕಬ್ಯಾಡ್ರಿ. ಟ್ರೈಕೋಡರ್ಮಾನೂ ಒಂದು ಶಿಲೀಂಧ್ರನ, ಆ ಔಷಧ ಅದನ್ನೂ ಕೊಲ್ಲತೈತಿ. ಎರಡರಾಗ ಒಂದು. ಟ್ರೈಕೋಡರ್ಮಾನ ಆದ್ರ ಕಿಲೋ ಗೊಬ್ಬರಕ್ಕ 10 ಗ್ರಾಂ ಬೆರಸಿ, ಹಸಿ ಗ್ವಾಣಿಚೀಲ ಮುಚ್ಚಿ ನೆಳ್ಳಾಗ ಒಂದು ವಾರ ಬಿಟ್ಟು ಬಳಸ್ರಿ.

ಸಸಿಮಡಿ (ಗೋಕಾಕ)

ಪಾಟಿನ ಅಳತೆಗೆ ಗಡ್ಡೆಯೇ ಲೆಕ್ಕ. ಗಡ್ಡೆಯ ಸುತ್ತ ಎರಡು ಇಂಚು ಜಾಗ ಉಳಿಯಬೇಕು, ಅದಕ್ಕಿಂತ ದೊಡ್ಡದು ಬೇಡ. ದೊಡ್ಡ ಪಾಟಿನಲ್ಲಿ ಬೇರು ಮುಟ್ಟದ ಮಣ್ಣು ದಿನಗಟ್ಟಲೆ ಹಸಿ ಉಳಿಯುತ್ತದೆ, ಕೊಳೆ ಅಲ್ಲಿಂದ ಶುರು. ಒಂದು ಗಡ್ಡೆಗೆ 8 ಇಂಚಿನದು, ಮೂರಕ್ಕೆ 12 ಇಂಚಿನದು. ಮೇಲಿನ ಮೂರನೇ ಒಂದು ಭಾಗ ಮಣ್ಣಿನ ಹೊರಗೇ ಇರಲಿ. ಪೂರ್ತಿ ಹೂತರೆ ಎಲೆಗಳ ಸಂದಿಯಲ್ಲಿ ನೀರು ನಿಂತು ಕುತ್ತಿಗೆ ಕೊಳೆಯುತ್ತದೆ. ಹಚ್ಚಿದ ದಿನ ಒಮ್ಮೆ ನೀರು. ಆಮೇಲೆ ಹಸಿರು ಮೊಳಕೆಯ ತುದಿ ಕಾಣುವ ತನಕ ಹತ್ತು ದಿನಕ್ಕೊಮ್ಮೆ ಅರ್ಧ ತಂಬಿಗೆ, ಅಷ್ಟೇ. ಬೇರು ಹಿಡಿಯದ ಗಡ್ಡೆ ನೀರು ಕುಡಿಯುವುದಿಲ್ಲ.

ಹೂವಿನ ವಿಷಯದಲ್ಲಿ ಆಸೆ ಹಚ್ಚಿಸಬಾರದು. ಸುತ್ತಳತೆ 20 ಸೆಂ.ಮೀ. ದಾಟಿದ ಗಡ್ಡೆಗೆ ಆ ಮಾರ್ಚ್-ಏಪ್ರಿಲ್‌ನಲ್ಲೇ ಹೂವು ನಿರೀಕ್ಷಿಸಬಹುದು. ಮರಿಗಳಿಗೆ ಎರಡರಿಂದ ಮೂರು ವರ್ಷ ಬೇಕು. ದಾರ ಸುತ್ತಿ ಅಳೆದು, ಹೂವು ಬರುವಂಥದ್ದನ್ನು ಬೇರೆ ಪಾಟಿಗೆ, ಮರಿಗಳನ್ನೆಲ್ಲ ನೆಲದ ಮಡಿಗೆ ಹಾಕಿ. ನೆಲದಲ್ಲಿ ಮರಿ ಬೇಗ ದಪ್ಪ ಆಗುತ್ತದೆ.

ಜಮಖಂಡಿ ತಾರಸಿ

ಒಂದು ಪ್ರಶ್ನೆ. ಅಮರಿಲ್ಲಿಸ್ ಗಡ್ಡೆಯ ಮೇಲೆ ಕೆಂಪು ಗೆರೆ, ಎಲೆಯ ಬುಡದಲ್ಲೂ ಕೆಂಪು ಕಲೆ ಇವೆ. ಬಿಡಿಸುವಾಗ ಇಂಥದ್ದನ್ನು ಬಿಸಾಕಬೇಕಾ? ಅದು ಬಿಳಿ ಪಟ್ಟೆಯ ಜಾತಿ, ಗಡ್ಡೆ ಒಂದೇ ಇದೆ, ಮರಿ ಹಾಕುತ್ತಿಲ್ಲ.

ಟಿಳಕವಾಡಿ ಹಿತ್ತಲು (ಬೆಳಗಾವಿ)

ಕೆಂಪು ಕಂಡ ತಕ್ಷಣ ಬಿಸಾಕಬೇಡಿ. ಅಮರಿಲ್ಲಿಸ್ ಗಡ್ಡೆಗೆ ಉಗುರು ತಾಗಿದರೂ ಆ ಜಾಗ ಕೆಂಪಾಗುತ್ತದೆ, ಅದು ಗಾಯಕ್ಕೆ ಗಿಡ ತೋರಿಸುವ ಬಣ್ಣ. ರೋಗದ ಕೆಂಪು ಬೇರೆ ಥರ. ಎಲೆಯ ಮೇಲೆ, ದೇಟಿನ ಮೇಲೆ ಉದ್ದ ಉದ್ದ ಕೆಂಪು ಕಲೆ ಬಂದು ನಡುವೆ ಒಳಕ್ಕೆ ಕುಸಿದಿರುತ್ತದೆ. ದೇಟು ಆ ಕಲೆಯ ಕಡೆಗೇ ಬಾಗುತ್ತದೆ, ಎಲೆ ಸೊಟ್ಟಗಾಗುತ್ತದೆ. ಇದು ಶಿಲೀಂಧ್ರ, ಎಲೆ ಮೇಲೆ ಬಿದ್ದ ನೀರಿನ ಹನಿ ಸಿಡಿದು ಪಕ್ಕದ ಗಿಡಕ್ಕೆ ಹೋಗುತ್ತದೆ. ಹೊರಗಿನ ಒಣ ಸಿಪ್ಪೆಯನ್ನೆಲ್ಲ ಬಿಳಿ ಪದರ ಕಾಣುವ ತನಕ ಸುಲಿದು ತೆಗೆಯಿರಿ, ಕಲೆ ಇರುವ ಪದರನ್ನೂ ತೆಗೆಯಿರಿ. ಮೇಲೆ ಹೇಳಿದ ಔಷಧದಲ್ಲಿ ಅದ್ದಿ, ಒಣಗಿಸಿ, ಹೊಸ ಮಣ್ಣಿನಲ್ಲಿ ಹಚ್ಚಿ. ಸುಲಿದ ಸಿಪ್ಪೆ ಗೊಬ್ಬರದ ಗುಂಡಿಗೆ ಬೇಡ, ಸುಟ್ಟುಬಿಡಿ. ನೀರನ್ನು ಬುಡಕ್ಕೆ ಹಾಕಿ, ಎಲೆ ಮೇಲೆ ಬೇಡ. ಒತ್ತಿ ನೋಡಿದಾಗ ಗಡ್ಡೆ ಮೆತ್ತಗಿದ್ದು ವಾಸನೆ ಬಂದರೆ ಮಾತ್ರ ಅದು ಉಳಿಯದು.

ಸುಲಿಯುವಾಗ ಪದರಗಳ ಸಂದಿಯಲ್ಲಿ ಬಿಳಿ ಹತ್ತಿಯಂಥ ಹಿಟ್ಟು ತಿಗಣೆ ಇದೆಯಾ ನೋಡಿ. ಕುತ್ತಿಗೆಯ ಒಳಗೆ ಅಡಗಿರುತ್ತದೆ. ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ಸಾಬೂನು ನೀರು ಹಾಕಿ ಉಜ್ಜಿ.

ಸಸಿಮಡಿ (ಗೋಕಾಕ)

ಮರಿ ಹಾಕದ ಜಾತಿಗೆ ಹೋಳು ಮಾಡಿ ಬೆಳೆಸುವ ದಾರಿ ಇದೆ. ರೋಗ ಇರುವ ಗಡ್ಡೆಗೆ ಮಾತ್ರ ಇದು ಬೇಡ, ಒಂದು ವರ್ಷ ಗುಣವಾಗಲಿ. ನಿದ್ದೆಯಲ್ಲಿರುವ ಆರೋಗ್ಯವಂತ ಗಡ್ಡೆ ತೆಗೆದು, ಬೇರನ್ನು ಬಿಲ್ಲೆಗೆ ಹತ್ತಿರ ಕತ್ತರಿಸಿ (ಇಲ್ಲಿ ಮಾತ್ರ ಬೇರು ಕತ್ತರಿಸಬಹುದು), ಮೇಲಿನ ಕುತ್ತಿಗೆ ಹಾರಿಸಿ. ತಲೆಕೆಳಗೆ ಹಿಡಿದು ಬಿಲ್ಲೆಯ ನಡುವಿನಿಂದ ಉದ್ದಕ್ಕೆ ಸೀಳಿ: ಮೊದಲು ಎರಡು, ಆಮೇಲೆ ನಾಲ್ಕು, ಎಂಟು. ಕಲ್ಲಂಗಡಿ ಹೋಳಿನ ಹಾಗೆ ಪ್ರತಿ ಹೋಳಿನ ಬುಡದಲ್ಲೂ ಬಿಲ್ಲೆಯ ಚೂರು ಇರಲೇಬೇಕು. ದೊಡ್ಡ ಗಡ್ಡೆಯಾದರೆ ಹದಿನಾರೂ ಮಾಡಬಹುದು. ಪ್ರತಿ ಸೀಳಿಗೂ ಚಾಕುವನ್ನು ಸ್ಪಿರಿಟ್‌ನಲ್ಲಿ ಒರೆಸಿ. ಔಷಧದಲ್ಲಿ ಅದ್ದಿ, ಒಂದು ದಿನ ಆರಿಸಿ, ತೊಳೆದು ಹಿಂಡಿದ ಕೋಕೋಪೀಟ್‌ನಲ್ಲಿ (ತೆಂಗಿನ ನಾರಿನ ಪುಡಿ) ಬಿಲ್ಲೆ ಕೆಳಗಾಗಿ, ಅರ್ಧ ಹೂತು ನಿಲ್ಲಿಸಿ. ಕೋಕೋಪೀಟ್ ಮುಷ್ಟಿಯಲ್ಲಿ ಹಿಂಡಿದರೆ ಒಂದೆರಡು ಹನಿಗಿಂತ ಹೆಚ್ಚು ನೀರು ಬರಬಾರದು. ಎರಡರಿಂದ ಮೂರು ತಿಂಗಳಲ್ಲಿ ಪದರಗಳ ನಡುವೆ ಜೋಳದ ಕಾಳಿನಷ್ಟು ಬಿಳಿ ಮರಿ ಮೂಡುತ್ತದೆ. ಒಂದು ಎಲೆ ಬಂದ ಮೇಲೆ ಸಣ್ಣ ಪಾಟಿಗೆ. ಹೂವಿಗೆ ಮೂರು ವರ್ಷಕ್ಕೂ ಹೆಚ್ಚು ಹಿಡಿಯುತ್ತದೆ, ತಾಯಿ ಗಡ್ಡೆ ಹೋಗುತ್ತದೆ. ಗಡ್ಡೆ ಒಂದೇ ಇದ್ದಾಗ ನಾನು ಇದನ್ನು ಸಲಹೆ ಮಾಡುವುದಿಲ್ಲ.

ಎರಿಹೊಲ (ವಿಜಯಪುರ)

ರೇನ್ ಲಿಲ್ಲಿ ಮಾತು ಉಳೀತು. ಕುರ್ಪಿ ಸಾಕು. ಗುಂಪು ಇಡಿಯಾಗಿ ಎತ್ತಿ, ಒಂದು ಬುಟ್ಟಿ ನೀರಾಗ ಅಲ್ಲಾಡಿಸಿದ್ರ ಸಣ್ಣ ಉಳ್ಳಾಗಡ್ಡಿಯಂಗ ಬ್ಯಾರೆ ಆಗತಾವ. ಒಂದೊಂದ ಹಚ್ಚಬ್ಯಾಡ್ರಿ, ಅಂಚು ತುಂಬಾಕ ಎರಡು ವರ್ಷ ಬೇಕಾಗತೈತಿ. ನಾಲ್ಕು ನಾಲ್ಕು ಕೂಡಿಸಿ ಒಂದು ಕುಳಿಗೆ, ಕುಳಿಯಿಂದ ಕುಳಿಗೆ 3 ಇಂಚು. ತಳ 2 ಇಂಚು ಕೆಳಗ, ಕುತ್ತಿಗಿ ಮಣ್ಣಿನ ಮಟ್ಟಕ್ಕ. ಹಳದಿ, ಗುಲಾಬಿ ಜಾತಿ ಬ್ಯಾಸಗ್ಯಾಗ ಎಲಿ ಕಳಕೊಂಡ್ರೂ ಗಡ್ಡಿ ಜೀವಂತ ಇರತೈತಿ, ಸತ್ತೈತಂತ ಅಗದು ಒಗೀಬ್ಯಾಡ್ರಿ. ಬಿಳಿದು ನೀರಿದ್ರ ವರ್ಷಪೂರ್ತಿ ಹಸರ ಇರತೈತಿ.

ಹೂವಿಗೆ ಅದಕ್ಕ ಒಣಗೂದು ಬೇಕು, ಆಮ್ಯಾಲ ಒಮ್ಮೆಲೆ ನೆನೆಯೂದು ಬೇಕು. ದಿನಾ ಸ್ವಲ್ಪ ಸ್ವಲ್ಪ ನೀರ ಬಿಟ್ರ ಬರೇ ಎಲಿ. ಬೇರು ಹಿಡದ ಮ್ಯಾಲ ಹತ್ತು ಹನ್ನೆರಡು ದಿನ ಒಣಗಿಸಿ, ಒಂದು ಸಂಜೀಕ ಅರ್ಧ ಗೇಣು ಆಳ ಇಳಿಯೂವಂಗ ನೀರ ಬಿಡ್ರಿ. ಮೂರರಿಂದ ಐದು ದಿನಕ್ಕ ಮೊಗ್ಗು ಏಳತಾವ. ಆದ್ರ ಮಳಿ ನೀರಿನಷ್ಟು ಬೋರ್ ನೀರಿಗೆ ಏಳೂದಿಲ್ಲ. ತಾರಸಿ ನೀರು ಒಂದು ಬ್ಯಾರಲ್ ಹಿಡದ ಇಟ್ಟುಕೊಂಡ್ರ ಈ ಕೆಲಸಕ್ಕ ಬಂಗಾರ.

ನವನಗರ ಅಂಗಳ (ಬಾಗಲಕೋಟೆ)

ಬೋರ್ ನೀರಿನ ಬಿಳಿ ಪುಡಿ, ಹಳದಿ ಎಲಿ, ಇದಕ್ಕ ಏನು ಮಾಡೂದ್ರಿ? ಹೋದ ವರ್ಷ ಮಣ್ಣಿಗೆ ಕಬ್ಬಿಣದ ಸಲ್ಫೇಟ್ ಹಾಕಿದ್ವಿ, ಏನೂ ಆಗಲಿಲ್ಲ.

ಟಿಳಕವಾಡಿ ಹಿತ್ತಲು (ಬೆಳಗಾವಿ)

ಸುಣ್ಣದ ಅಂಶ ಹೆಚ್ಚಿರುವ ಮಣ್ಣಿಗೆ ಹಾಕಿದ ಫೆರಸ್ ಸಲ್ಫೇಟ್ ಕೆಲವೇ ದಿನಗಳಲ್ಲಿ ಬೇರಿಗೆ ಸಿಗದ ರೂಪಕ್ಕೆ ತಿರುಗುತ್ತದೆ, ಅದಕ್ಕೇ ಫಲ ಕಾಣಲಿಲ್ಲ. ಎಲೆಗೆ ಸಿಂಪಡಿಸಿ: ಲೀಟರ್ ನೀರಿಗೆ ಫೆರಸ್ ಸಲ್ಫೇಟ್ 5 ಗ್ರಾಂ, ನಿಂಬೆ ಉಪ್ಪು 1 ಗ್ರಾಂ. ಸಂಜೆ ಹೊತ್ತು, ಹದಿನೈದು ದಿನಕ್ಕೊಮ್ಮೆ, ಮೂರು ಸಲ. ನೀರು ಮಳೆಯದೋ ಫಿಲ್ಟರ್‌ನದೋ ಇರಲಿ. ಕಲಸಿದ ತಕ್ಷಣ ಬಳಸಿ, ತುಕ್ಕಿನ ಬಣ್ಣಕ್ಕೆ ತಿರುಗಿದ ಮೇಲೆ ಪ್ರಯೋಜನವಿಲ್ಲ. ಮೊದಲು ಗುರುತು ಸರಿಯಾಗಿ ಹಿಡಿಯಿರಿ: ಹೊಸ ಎಲೆ ಹಳದಿಯಾಗಿ ನರ ಹಸಿರಾಗಿದ್ದರೆ ಕಬ್ಬಿಣದ ಕೊರತೆ. ಹಳೆಯ, ಹೊರಗಿನ ಎಲೆ ಹಳದಿಯಾದರೆ ಸಾರ ಕಡಿಮೆ, ಇಲ್ಲವೇ ಗುಂಪು ಇಕ್ಕಟ್ಟು. ಗುಂಪಿನ ನಡುವಿನ ಗಿಡವಷ್ಟೇ ಹಳದಿ ಎಂದರೆ ಇಕ್ಕಟ್ಟೇ ಹೆಚ್ಚು ಸಂಭವ, ಬಿಡಿಸಿದ ಮೇಲೆ ಸರಿಹೋಗುತ್ತದೆ.

ಪಾಟಿನ ಬಿಳಿ ಪುಡಿಗೆ ವರ್ಷಕ್ಕೆ ಎರಡು ಸಲ ಮಳೆ ನೀರನ್ನು ಪಾಟಿನ ಎರಡು ಪಟ್ಟು ಸುರಿದು ತಳದ ತೂತಿನಿಂದ ಹರಿಸಿಬಿಡಿ. ಮೇಲಿನ ಒಂದು ಇಂಚು ಮಣ್ಣು ಕೆರೆದು ತೆಗೆದು ಹೊಸದು ಹಾಕಿ.

ಖಾನಾಪುರ ಬೇಲಿ (ಬೆಳಗಾವಿ ಜಿಲ್ಲೆ)

ಅಗ್ನಿಶಿಖೆಯನ್ನು ಯಾರೂ ಎತ್ತಲಿಲ್ಲ, ನಮ್ಮ ಬೇಲಿಗಳಲ್ಲಿ ಅದೇ ಹೆಚ್ಚು. ನರ್ಸರಿಯವರು ಗ್ಲೋರಿ ಲಿಲ್ಲಿ ಎಂದು ಮಾರುತ್ತಾರೆ. ಇದರ ಗಡ್ಡೆಗೆ ಪದರಗಳಿಲ್ಲ, ಬಿಲ್ಲೆಯಿಲ್ಲ. ಎರಡು ಬೆರಳು ಕವಲೊಡೆದ ಹಾಗೆ ಇರುತ್ತದೆ. ಪ್ರತಿ ಕವಲಿನ ತುದಿಯಲ್ಲಿ ಒಂದೇ ಒಂದು ಮೊಳಕೆ ಕಣ್ಣು. ಆ ತುದಿ ಮುರಿದರೆ ಆ ಕವಲು ಮುಗಿಯಿತು, ಬೇರೆಲ್ಲಿಂದಲೂ ಚಿಗುರದು. ಆಲೂಗಡ್ಡೆ ಎಂದುಕೊಂಡು ನಡುವೆ ತುಂಡು ಮಾಡುವವರು ಕಳೆದುಕೊಳ್ಳುವುದು ಹೀಗೆ. ಬೇರ್ಪಡಿಸುವುದು ಕವಲು ಕೂಡುವ ಮೂಲೆಯಲ್ಲಿ, ಒಂದೇ ಕಡೆ. 50 ಗ್ರಾಂಗಿಂತ ಕಡಿಮೆ ತೂಕದ ಕವಲಿಗೆ ಆ ವರ್ಷ ಹೂವು ಬರುವುದು ಅನುಮಾನ. ಮೇ ಕೊನೆಗೆ ಅಡ್ಡ ಮಲಗಿಸಿ, ಕಣ್ಣು ಮೇಲ್ಮುಖವಾಗಿ, 2 ಇಂಚು ಆಳ. ಎಲೆಯ ತುದಿಯೇ ಬಳ್ಳಿಯ ಕೈ, ಹಿಡಿದು ಏರಲು ಆರು ಫೂಟಿನ ತೆಳ್ಳನೆ ಕೋಲು ಬೇಕು, ದಪ್ಪ ಕಂಬವನ್ನು ಅದು ಸುತ್ತಲಾರದು. ಕೋಲನ್ನು ಗಡ್ಡೆ ಇಡುವಾಗಲೇ ನೆಡಿ, ಆಮೇಲೆ ಚುಚ್ಚಿದರೆ ಕಣ್ಣಿಗೇ ತಾಗುತ್ತದೆ. ನವೆಂಬರ್‌ನಲ್ಲಿ ಬಳ್ಳಿ ಒಣಗಿದ ಮೇಲೆ ಮೇ ತನಕ ನೀರು ಬೇಡ.

ಕೈಗೆ ಗ್ಲೌಸ್ ಹಾಕಿಯೇ ಮುಟ್ಟಿ. ಇದರ ಗಡ್ಡೆಯಲ್ಲಿ ಕೊಲ್ಚಿಸಿನ್ ಎಂಬ ವಿಷ ಇದೆ, ಸ್ವಲ್ಪ ತಿಂದರೂ ಪ್ರಾಣಕ್ಕೆ ಅಪಾಯ. ಗೆಣಸಿನ ಹಾಗೆ ಕಾಣುತ್ತದೆ, ಮಕ್ಕಳಿರುವ ಮನೆಯಲ್ಲಿ ಒಣಗಲು ಹೊರಗೆ ಹರವಿ ಇಡಬೇಡಿ, ಅಡುಗೆ ಮನೆಯ ಬುಟ್ಟಿಯಲ್ಲಂತೂ ಬೇಡವೇ ಬೇಡ. ಅಮರಿಲ್ಲಿಸ್, ಸ್ಪೈಡರ್, ರೇನ್ ಲಿಲ್ಲಿ ಗಡ್ಡೆಗಳೂ ವಿಷವೇ. ಕತ್ತರಿಸಿದ ಎಲೆ, ಸಿಪ್ಪೆಯನ್ನು ದನಕರು, ಮೇಕೆಗೆ ಸಿಗುವ ಕಡೆ ಎಸೆಯಬೇಡಿ.

ಜಮಖಂಡಿ ತಾರಸಿ

ಡಿಸೆಂಬರ್‌ನಲ್ಲಿ ಅಂಗಡಿಗೆ ಬರುವ ಏಷಿಯಾಟಿಕ್ ಲಿಲ್ಲಿ ಗಡ್ಡೆಗೂ ಇದೇ ಕ್ರಮವಾ? ಮನೆಯಲ್ಲಿ ಬೆಕ್ಕಿದೆ.

ಟಿಳಕವಾಡಿ ಹಿತ್ತಲು (ಬೆಳಗಾವಿ)

ಬೆಕ್ಕಿದ್ದರೆ ಅದನ್ನು ತರಲೇಬೇಡಿ. ಏಷಿಯಾಟಿಕ್, ಓರಿಯಂಟಲ್, ಡೇ ಲಿಲ್ಲಿ, ಇವುಗಳ ಎಲೆ, ಪರಾಗ, ಹೂದಾನಿಯ ನೀರು ಕೂಡ ಬೆಕ್ಕಿನ ಕಿಡ್ನಿಯನ್ನು ಹಾಳು ಮಾಡುತ್ತವೆ. ನೆಕ್ಕಿದ್ದು ಕಂಡರೆ ವಾಂತಿ ಆಗಲಿ ಎಂದು ಕಾಯದೆ ಕೂಡಲೇ ಪಶುವೈದ್ಯರ ಹತ್ತಿರ ಒಯ್ಯಬೇಕು.

ಬೆಕ್ಕಿಲ್ಲದವರಿಗೆ: ಆ ಗಡ್ಡೆಗೆ ಹೊರ ಸಿಪ್ಪೆ ಇರುವುದಿಲ್ಲ, ಒಣಗಿಸಬಾರದು. ಕಾಂಡದಿಂದಲೂ ಬೇರು ಬಿಡುವುದರಿಂದ 4ರಿಂದ 6 ಇಂಚು ಆಳ ಬೇಕು, ಅಮರಿಲ್ಲಿಸ್‌ಗೆ ಪೂರ್ತಿ ಉಲ್ಟಾ. ಹೂವಾದ ಮೇಲೆ ಮತ್ತೆ ಹೂವು ಬರಲು ಆರರಿಂದ ಎಂಟು ವಾರ 2ರಿಂದ 5 ಡಿಗ್ರಿ ಚಳಿ ಬೇಕು, ನಮ್ಮ ಕಡೆಯ ಊರುಗಳ ಚಳಿಗಾಲ ಅಷ್ಟು ಇಳಿಯುವುದಿಲ್ಲ. ಹಸಿ ಕೋಕೋಪೀಟ್‌ನಲ್ಲಿಟ್ಟು ಫ್ರಿಜ್‌ನ ಕೆಳಗಿನ ಡ್ರಾಯರ್‌ನಲ್ಲಿ ಇಡಬಹುದು. ಅದೇ ಡ್ರಾಯರ್‌ನಲ್ಲಿ ಬಾಳೆ, ಸೇಬು ಇಡಬಾರದು, ಮಾಗುವ ಹಣ್ಣಿನ ಗಾಳಿಗೆ ಒಳಗಿನ ಮೊಗ್ಗು ಕರಟುತ್ತದೆ.

ಎರಿಹೊಲ (ವಿಜಯಪುರ)

ಹಚ್ಚಿ ಮುಗದ ಮ್ಯಾಲ ಹುಳದ ಮ್ಯಾಲ ಕಣ್ಣಿರಲಿ. ಮಳಿ ಸುರು ಆದ ಮ್ಯಾಲ ಕರಿ ಮೈ ಮ್ಯಾಲ ಬಿಳಿ, ಕೆಂಪು ಚುಕ್ಕಿ ಇರೂ ಹುಳ ಬರತೈತಿ, ಸ್ಪೈಡರ್, ಅಮರಿಲ್ಲಿಸ್, ಅಗ್ನಿಶಿಖಿ ಯಾವುದನ್ನೂ ಬಿಡೂದಿಲ್ಲ. ಅದರ ಪತಂಗ ಎಲಿ ಮ್ಯಾಲ ಗುಂಪು ಗುಂಪು ಮೊಟ್ಟಿ ಇಡತೈತಿ, ಆ ಎಲಿ ತುದಿ ಕಿತ್ತು ಸಾಬೂನು ನೀರಾಗ ಹಾಕಿದ್ರ ಅರ್ಧ ಕೆಲಸ ಮುಗೀತು. ಮರಿ ಸಣ್ಣ ಇದ್ದಾಗ ಬೇವಿನ ಎಣ್ಣಿ 5 ಎಂ.ಎಲ್., ದ್ರವ ಸಾಬೂನು 1 ಎಂ.ಎಲ್., ಒಂದು ಲೀಟರ್ ನೀರಿಗೆ, ಸಂಜೀಕ ಹೊಡೀರಿ. ದೊಡ್ಡ ಹುಳಕ್ಕ ಬೇವು ನಡೆಯೂದಿಲ್ಲ, ಕೈಲೆ ಆರಿಸಬೇಕು. ಬಿಟ್ರ ಎಲಿ ತಿಂದು ಕುತ್ತಿಗಿ ಒಳಗ ಇಳೀತಾವ. ಕೋಶ ಮಣ್ಣಾಗ ಕಟ್ಟತಾವ, ಅದಕ್ಕ ಬುಡದ ಮಣ್ಣು ಒಂದು ಇಂಚು ಕೆದರಿ ಬೇವಿನ ಹಿಂಡಿ ಒಂದೊಂದು ಗಿಡಕ್ಕ ಒಂದು ಮುಷ್ಟಿ ಕೊಡ್ರಿ.

ಬ್ಯಾಸಗಿ ಬಂದಾಗ ಎರಿ ಬಿರಕು ಬಿಟ್ಟು ಬೇರು ಹರೀತೈತಿ. ಜನವರಿ ಕಡೀಕ ಕಬ್ಬಿನ ರವದಿ (ಒಣ ಎಲಿ) 3 ಇಂಚು ಹಾಸ್ರಿ, ಕುತ್ತಿಗಿ ಸುತ್ತ ನಾಲ್ಕು ಬೆರಳು ಜಾಗ ಬಿಟ್ಟು.

ನವನಗರ ಅಂಗಳ (ಬಾಗಲಕೋಟೆ)

ಕಡೀ ಪ್ರಶ್ನೆ. ಸ್ಪೈಡರ್ ಲಿಲ್ಲಿ ಒಂದು ಗುಂಪಿನ್ಯಾಗ ಕಮ್ಮೀತಕಮ್ಮಿ ಇಪ್ಪತ್ತು ಗಡ್ಡಿ ಬರಬಹುದು. ಹುಬ್ಬಳ್ಳಿ, ಸೊಲ್ಲಾಪುರದಾಗ ಬೀಗರಿಗೆ ಕಳಸಬೇಕು. ಎಷ್ಟು ದಿನ ತಡೀತಾವ?

ಸಸಿಮಡಿ (ಗೋಕಾಕ)

ಸ್ಪೈಡರ್ ಲಿಲ್ಲಿ ಮಣ್ಣಿಲ್ಲದೆ ನಾಲ್ಕೈದು ದಿನ, ಹೆಚ್ಚೆಂದರೆ ಒಂದು ವಾರ. ಎಲೆಯನ್ನು ಒಂದು ಗೇಣಿಗೆ ಕತ್ತರಿಸಿ, ಬೇರನ್ನು ಸ್ವಲ್ಪ ಹಸಿ ಮಾಡಿದ ಪೇಪರ್‌ನಲ್ಲಿ ಸುತ್ತಿ, ತೂತಿರುವ ರಟ್ಟಿನ ಡಬ್ಬಿಯಲ್ಲಿ ಇಡಿ. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿದರೆ ಬಸ್ಸಿನ ಬಿಸಿಗೆ ಬೆಂದುಹೋಗುತ್ತವೆ. ರೇನ್ ಲಿಲ್ಲಿ ಗಡ್ಡೆ ಒಣ ಕೋಕೋಪೀಟ್‌ನಲ್ಲಿ ಎರಡು ಮೂರು ವಾರ ತಡೆಯುತ್ತದೆ. ನಿದ್ದೆಯಲ್ಲಿರುವ ಅಮರಿಲ್ಲಿಸ್ ಪೇಪರ್‌ನಲ್ಲಿ ಸುತ್ತಿ ನೆರಳಲ್ಲಿಟ್ಟರೆ ಒಂದೂವರೆ ತಿಂಗಳು.

ಎಲೆ ಇಲ್ಲದಾಗ ಗಡ್ಡೆಗಳೆಲ್ಲ ಒಂದೇ ಥರ ಕಾಣುತ್ತವೆ. ಪೇಪರ್ ಮೇಲೆ ಪೆನ್ಸಿಲ್‌ನಿಂದ ಜಾತಿ, ಬಣ್ಣ, ಎಷ್ಟು ಆಳ ಹೂಳಬೇಕು ಎಂಬುದನ್ನು ಬರೆದೇ ಕಳಿಸಿ. ಪೆನ್ನಿನ ಮಸಿ ಹಸಿಗೆ ಅಳಿಸಿಹೋಗುತ್ತದೆ.